ಹೆರಿಗೆ ಕೋಣೆಯಲ್ಲಿ ಮತ್ತೊಮ್ಮೆ ಸ್ಕ್ಯಾನ್ ಏಕೆ?

ಪ್ರಶ್ನೆ: ಕಳೆದ ತಿಂಗಳು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಮಗಳ ಚೊಚ್ಚಲ ಹೆರಿಗೆಯಾಯಿತು. ಒಂಬತ್ತನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಲ್ಲವೂ ಸರಿಯಿದೆ ಎಂದಿದ್ದರೂ, ಹೆರಿಗೆ ತಡವಾದಾಗ ವೈದ್ಯರು ಹೊಟ್ಟೆಯ ಮೇಲೂ ಕೆಳಭಾಗದಲ್ಲೂ ಮತ್ತೆ ಸ್ಕ್ಯಾನ್ ಮಾಡಿ, ಕೊನೆಗೆ ವ್ಯಾಕ್ಯೂಮ್ (ಮಗುವಿನ ತಲೆಯನ್ನು ಹೀರಿ ಹಿಡಿದು ಎಳೆಯುವ ಸಾಧನ) ಹಾಕಿ ಮಗುವನ್ನು ತೆಗೆದರು. ಇದು ಅಗತ್ಯವಿತ್ತೇ? ಇದರ ಕಿರಣಗಳಿಂದ ಮಗುವಿಗೆ ತೊಂದರೆಯಾಗದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಕಿರಣಗಳ ಭಯ ಬೇಡ. ಅಲ್ಟ್ರಾಸೌಂಡ್‌ನಲ್ಲಿ ಬಳಕೆಯಾಗುವುದು ಶಬ್ದತರಂಗವೇ ಹೊರತು ಎಕ್ಸ್‌-ರೇ ಅಲ್ಲ. ಹಿಂದೆ ಸೊಂಟದ ಮೂಳೆಯ ಅಳತೆಗಾಗಿ ಗರ್ಭಿಣಿಯರಿಗೆ ಎಕ್ಸ್‌-ರೇ ತೆಗೆಯುವ ಪದ್ಧತಿಯಿತ್ತು. ಗರ್ಭದಲ್ಲಿದ್ದಾಗ ಎಕ್ಸ್‌-ರೇಗೆ ಒಳಗಾದ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚೆಂದು ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್ 1950ರ ದಶಕದಲ್ಲಿ ತೋರಿಸಿದ್ದರು.

ಒಂಬತ್ತನೆಯ ತಿಂಗಳ ಸ್ಕ್ಯಾನ್ ಹೆರಿಗೆಯ ಹೊತ್ತಿನ ಸ್ಥಿತಿಯನ್ನು ಹೇಳಲಾರದು, ಏಕೆಂದರೆ ಮಗುವಿನ ತಲೆ ಇಳಿಯುತ್ತಾ ತಿರುಗುತ್ತಲೂ ಇರುತ್ತದೆ. ಅದು ಯಾವ ಕಡೆಗೆ ತಿರುಗಿದೆ ಎಂಬುದನ್ನು ವೈದ್ಯರು ನೆತ್ತಿಯನ್ನೂ ತಲೆಬುರುಡೆಯ ಮೂಳೆಗಳು ಕೂಡುವ ಗೆರೆಗಳನ್ನೂ ಬೆರಳಿನಿಂದ ಮುಟ್ಟಿ ತಿಳಿಯುತ್ತಾರೆ. ಆದರೆ ಬೇನೆ ದೀರ್ಘವಾಗಿ ತಲೆಯ ಚರ್ಮ ಊದಿಕೊಂಡಾಗ ನುರಿತ ಕೈಗೂ ಇದು ತಪ್ಪುವುದುಂಟು. ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆಗಿದ್ದರೆ, ಹೊಟ್ಟೆಯ ಮೇಲಿಟ್ಟ ಪ್ರೋಬ್‌ನಿಂದ (ಸ್ಕ್ಯಾನ್ ಮಾಡಲು ಕೈಯಲ್ಲಿ ಹಿಡಿಯುವ ಸಾಧನ) ಕಣ್ಣಿನ ಗೂಡುಗಳೆರಡೂ ಪರದೆಯ ಮೇಲೆ ಕಾಣುತ್ತವೆ. ಇನ್ನು ಕೆಳಭಾಗದ ಸ್ಕ್ಯಾನ್‌ನಲ್ಲಿ ಗ್ಲೌಸ್ ತೊಡಿಸಿದ ಪ್ರೋಬನ್ನು ಹೊರಗಡೆಯೇ ಒತ್ತಿ ಹಿಡಿದು, ತಲೆ ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. ಪ್ರೋಬ್ ಒಳಗೆ ಹೋಗುವುದಿಲ್ಲ. ವ್ಯಾಕ್ಯೂಮ್‌ನ ಬಟ್ಟಲು ತಲೆಯ ಸರಿಯಾದ ಜಾಗದಲ್ಲಿ ಕೂರದಿದ್ದರೆ ಜಾರಿಬಿಡುತ್ತದೆ, ತಲೆ ಇನ್ನೂ ಮೇಲೆಯೇ ಇದ್ದರೆ ಅದನ್ನು ಹಾಕುವುದೇ ತಪ್ಪು. ಆದ್ದರಿಂದ ನಿಮ್ಮ ಮಗಳ ವಿಷಯದಲ್ಲಿ ಸ್ಕ್ಯಾನ್ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಹಾಗೆಂದು ಪ್ರತಿ ಹೆರಿಗೆಗೂ ಇದು ಬೇಕಿಲ್ಲ. ಅಂತರರಾಷ್ಟ್ರೀಯ ಅಲ್ಟ್ರಾಸೌಂಡ್ ತಜ್ಞರ ಸಂಘದ 2018ರ ಮಾರ್ಗಸೂಚಿಯೂ ಹೆರಿಗೆ ನಿಧಾನವಾದಾಗ ಅಥವಾ ಉಪಕರಣ ಬಳಸುವ ಮುನ್ನ ಇದರ ಉಪಯೋಗವನ್ನು ಹೇಳುತ್ತದೆ. ಸುಸೂತ್ರವಾಗಿ ಸಾಗುತ್ತಿರುವ ಹೆರಿಗೆಯಲ್ಲಿ ಪರದೆಯನ್ನೇ ನೋಡುತ್ತಾ ಕುಳಿತರೆ ಅವಸರದ ಸಿಸೇರಿಯನ್‌ಗೆ ದಾರಿಯಾದೀತು ಎಂಬ ಆತಂಕ ನನಗಿದೆ. ಗರ್ಭಕೊರಳು ಎಷ್ಟು ತೆರೆದಿದೆ ಎಂಬುದನ್ನಂತೂ ಇಂದಿಗೂ ಕೈಯಿಂದಲೇ ನೋಡುವುದು ವಾಡಿಕೆ.

ಸ್ಕ್ಯಾನ್‌ಗೆ ಮೊದಲು ಏಕೆ, ಎಲ್ಲಿ ಎಂಬುದನ್ನು ನಿಮ್ಮ ಮಗಳಿಗೆ ತಿಳಿಸಿ ಒಪ್ಪಿಗೆ ಪಡೆದಿದ್ದರೇ ಎಂದು ನೀವು ಬರೆದಿಲ್ಲ. ನೋವಿನ ನಡುವೆಯೂ ಅಷ್ಟು ಹೇಳಲು ಅರ್ಧ ನಿಮಿಷ ಸಾಕು, ಮತ್ತು ಅದನ್ನು ಕೇಳುವ ಹಕ್ಕು ಅವರಿಗಿದೆ.