ಲೋನ್ ತೀರೋವರೆಗೂ ದಿನ ತಳ್ಳೋದೇನಾ ಅಂತ ಕೇಳಿದೋರಿಗೆ

ಸಾರ್, ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೈನಲ್ಲಿ ಓಡಾಡ್ತೀನಿ, ಮನೆ ಲೋನ್ ತೀರೋಕೆ ಇನ್ನೂ ನಾಲ್ಕು ವರ್ಷ, ಅಲ್ಲಿವರೆಗೂ ದಿನ ತಳ್ಳೋದೇ ಆಗೋಯ್ತು, ಏನ್ ಮಾಡ್ಲಿ ಅಂತ ಕೇಳಿದೀರಲ್ಲ, ನಾನೂ ಹಿಂಗೇ ಇದ್ದೆ. ಸೈಟ್ ಆಗ್ಲಿ, ಆಮೇಲೆ ಮನೆ ಆಗ್ಲಿ, ಆಮೇಲೆ ಪ್ರಮೋಷನ್ ಆಗ್ಲಿ ಅಂತ ಕಾಯ್ತಾ ಕಾಯ್ತಾ ಹನ್ನೊಂದು ವರ್ಷ ಹೋಯ್ತು, ಅಷ್ಟರಲ್ಲಿ ನಮ್ಮವ್ವ ತೀರ್ಕೊಂಡ್ಬಿಟ್ರು. ಅವರೆಕಾಯಿ ಸೀಸನಲ್ಲಿ ಸಂಜೆ ಹೊತ್ತು ಜಗಲಿ ಮೇಲೆ ಮೊರ ಇಟ್ಕೊಂಡು ಕಾಯಿ ಸುಲೀತಾ "ಬಾ ಮಗ, ಒಂದ್ ಗಳಿಗೆ ಕೂತ್ಕೊ" ಅನ್ನೋರು, ನಾನು ಫೋನ್ ನೋಡ್ಕೊಂಡೇ ಒಳಗೋಗ್ತಿದ್ದೆ. ಆ ಕರೆ ಈಗ್ಲೂ ಕಿವೀಲಿದೆ ಸಾರ್.

ಲೋನ್ ಚಿಂತೆ ಬಿಡಿ ಅಂತ ನಾನು ಹೇಳಲ್ಲ, ಇಎಂಐ ಕಟ್ಟಲೇಬೇಕು. ಆದ್ರೆ ನಿಮ್ಮ ಟ್ರೈನು ಶ್ರೀರಂಗಪಟ್ಟಣದ ಹತ್ರ ಕಾವೇರಿ ದಾಟುತ್ತಲ್ಲ, ಊರು ದ್ವೀಪ ಆಗಿರೋದ್ರಿಂದ ಆ ಕಡೆ ಒಂದ್ ಸಲ ಈ ಕಡೆ ಒಂದ್ ಸಲ, ಅಷ್ಟೊತ್ತು ಫೋನ್ ಜೇಬಲ್ಲಿಟ್ಟು ಕೆಳಗೆ ನೋಡಿ. ಬೇಸಿಗೇಲಿ ಬರೀ ಬಂಡೆ, ಅದೇ ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ರು ಅಂದ್ರೆ ಆ ಬಂಡೆ ಒಂದೂ ಕಾಣಲ್ಲ, ಕೆಂಪು ನೀರು ಹಂಗೇ ಸುತ್ಕೊಂಡು ಹೋಗ್ತಿರುತ್ತೆ. ನಾನು ಎಷ್ಟೋ ವರ್ಷ ಅದರ ಮೇಲೇ ಓಡಾಡಿದ್ರೂ ನೋಡಿರ್ಲಿಲ್ಲ, ಈಗ ಸೇತುವೆ ಸದ್ದು ಬಂದ ತಕ್ಷಣ ಕಿಟಕಿಗೆ ತಿರುಗ್ತೀನಿ, ಆ ಅರ್ಧ ನಿಮಿಷ ಮನಸ್ಸಿಗೆ ಬೇರೆ ಏನೂ ಬೇಕನ್ಸಲ್ಲ.

ಮನೇಲಿ ತಂದೆ ತಾಯಿ ಇದ್ರೆ ಇವತ್ತು ಸಂಜೆ ಬ್ಯಾಗ್ ಕೆಳಗಿಟ್ಟು ಅವ್ರ ಪಕ್ಕ ಕೂತ್ಕೊಳಿ, ಕಾಫಿ ಅಲ್ಲೇ ಕುಡೀರಿ.