ಮಧ್ಯಯುಗದ ಯುರೋಪಿನವರು ಗೋಣಿಚೀಲ ಹಾಕ್ಕೊಂಡು ಓಡಾಡ್ತಿದ್ರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಧ್ಯಯುಗದ ಯುರೋಪಿನ ಬಟ್ಟೆಬರೆ ಬಗ್ಗೇನೇ ಇದ್ವು, ಯಾವುದೋ ಹೊಸ ಸೀರೀಸ್ ಬಂದಿರ್ಬೇಕು ಅನ್ಸುತ್ತೆ. ಮಧ್ಯಯುಗ ಅಂದ್ರೆ ಹತ್ತತ್ರ ಸಾವಿರ ವರ್ಷ, ಅಷ್ಟನ್ನೂ ಇಲ್ಲಿ ಹೇಳೋಕಾಗಲ್ಲ, ಹಾಗಾಗಿ ಹೆಚ್ಚುಕಮ್ಮಿ 1200ರಿಂದ 1480ರ ಒಳಗೇ ಇರ್ತೀನಿ.

ಪ್ರಶ್ನೆ: ನಮ್ಮ ಕಾಲೇಜು ನಾಟಕಕ್ಕೆ 14ನೇ ಶತಮಾನದ ಇಂಗ್ಲೆಂಡಿನ ಹಳ್ಳಿ ಜನರ ವೇಷ ಬೇಕು ಸರ್. ಗೋಣಿಚೀಲಕ್ಕೆ ಕಂದು ಬಣ್ಣ ಬಳಿದು ಹೊಲಿಸಿದ್ರೆ ಸಾಕು, ಸಿನಿಮಾದಲ್ಲೂ ಹಂಗೇ ಇರುತ್ತೆ ಅಂತಾರೆ ನಮ್ಮ ನಿರ್ದೇಶಕರು. ಸರೀನಾ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ನಿಮ್ಮ ನಿರ್ದೇಶಕರಿಗೆ ನನ್ನದೊಂದು ನಮಸ್ಕಾರ ಹೇಳಿ, ಗೋಣಿ ಮಾತ್ರ ಬೇಡ ಅಂತಾನೂ ಹೇಳಿ. ಗೋಣಿ ಅಂದ್ರೆ ಸೆಣಬು, ಅದು ಬಂಗಾಳದ ಬೆಳೆ, ಯುರೋಪಿನಲ್ಲಿ ಅದರ ದೊಡ್ಡ ವ್ಯಾಪಾರ ಶುರುವಾಗಿದ್ದೇ 19ನೇ ಶತಮಾನದಲ್ಲಿ. ಆ ಹಳ್ಳಿಯವರು ಮೈಗೆ ತಾಗೋ ಹಾಗೆ ಅಗಸೆ ನಾರಿನ ಲಿನನ್ ಅಂಗಿ ಹಾಕ್ತಿದ್ರು, ಅದರ ಮೇಲೆ ಉಣ್ಣೆಯ ನಿಲುವಂಗಿ, ತಲೆಗೆ ಉಣ್ಣೆಯ ಹುಡ್, ಗಂಡಸರಿಗೆ ಒಳಗೆ ಒಂದು ದೊಗಲೆ ಲಿನನ್ ಚಡ್ಡಿ, ಕಾಲಿಗೆ ಎರಡು ಬೇರೆ ಬೇರೆ ಉಣ್ಣೆ ಕಾಲುಚೀಲ, ತೊಡೆವರೆಗೂ ಬರೋವು, ಚಡ್ಡಿ ಲಾಡಿಗೆ ದಾರದಲ್ಲಿ ಕಟ್ಕೊಳ್ಳೋದು.

ಬಣ್ಣದ ವಿಷಯಕ್ಕೆ ಬರೋಣ. ಸಿನಿಮಾದವರು ಎಲ್ಲಾನೂ ಕೆಸರಿನ ಬಣ್ಣ ಮಾಡ್ಬಿಟ್ಟಿದಾರೆ, ಅದು ಕ್ಯಾಮೆರಾ ಮುಂದೆ ಬಡತನ ತೋರಿಸೋ ಸುಲಭದ ದಾರಿ ಅಷ್ಟೇ. ಬಣ್ಣ ಹಾಕದ ಬೂದು, ಕಂದು ಉಣ್ಣೆ ಬಡವರ ಮೈಮೇಲೆ ಧಾರಾಳವಾಗೇ ಇತ್ತು, ಇಲ್ಲ ಅಂತಲ್ಲ. ಆದರೆ ನಮ್ಮ ಮಂಜಿಷ್ಠದ ಕುಲದ್ದೇ ಆದ ಮ್ಯಾಡರ್ ಅನ್ನೋ ಗಿಡದ ಬೇರಿಂದ ಇಟ್ಟಿಗೆ ಕೆಂಪು, ವೋಡ್ ಎಲೆಯಿಂದ ನೀಲಿ, ವೆಲ್ಡ್ ಗಿಡದಿಂದ ಹಳದಿ, ನೀಲಿ ಮೇಲೆ ಹಳದಿ ಅದ್ದಿದ್ರೆ ಹಸಿರು, ಇಷ್ಟೂ ಯುರೋಪಿನ ಮಣ್ಣಲ್ಲೇ ಬೆಳೀತಿತ್ತು. ಲಂಡನ್ನಿನ ಥೇಮ್ಸ್ ದಡದಲ್ಲಿ ಅಗೆದಾಗ ಸಿಕ್ಕ ಚಿಂದಿಗಳನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದಾಗಲೂ ಮ್ಯಾಡರ್ ಸಿಕ್ಕಿದೆ. ಸಾಧಾರಣ ಜನರದ್ದು ಮಾಸಿದ ನೀಲಿ, ಮಾಸಿದ ಕೆಂಪು ಅಂತಿಟ್ಕೊಳ್ಳಿ. ದುಬಾರಿ ಕೆಂಪು ಬೇರೇನೇ, ಅದು ಮೆಡಿಟರೇನಿಯನ್ ಕಡೆ ಓಕ್ ಮರದ ಮೇಲಿರೋ ಕರ್ಮೀಸ್ ಅನ್ನೋ ಪುಟ್ಟ ಹುಳ ಒಣಗಿಸಿ ತೆಗೆದಿದ್ದು, ರಾಜಮನೆತನದ ಲೆಕ್ಕಪತ್ರಗಳಲ್ಲಿ ಅಂಥ ಬಟ್ಟೆ ಬೆಲೆಯ ದೊಡ್ಡ ಪಾಲು ಬರೀ ಬಣ್ಣಕ್ಕೇ ಹೋಗ್ತಿತ್ತು. ನಮ್ಮ ಕಡೆಯಿಂದಲೂ ಒಂದು ಕೆಂಪು ಹೋಗ್ತಿತ್ತು, ಸಪ್ಪಂಗದ ಚಕ್ಕೆ. ಕೇರಳದ ಕೊಲ್ಲಂ ಬಂದರಿನ ಹೆಸರಲ್ಲೇ ಇಟಲಿ ವ್ಯಾಪಾರಿಗಳು ಅದರ ಒಂದು ತರಗತಿಯನ್ನ ಕರೀತಿದ್ರು.

ಇದೆಲ್ಲದರ ಹಿಂದಿರೋ ಒಂದು ಸಂಗತಿ ಗೊತ್ತಾದ್ರೆ ಕೆಳಗಿರೋ ಬೇರೆ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂಗೇ. ಹೊಲಿಗೆ ಅಗ್ಗ, ಬಟ್ಟೆ ದುಬಾರಿ. ಕುರಿ ಉಣ್ಣೆ ಕತ್ತರಿಸ್ಬೇಕು, ತೊಳೀಬೇಕು, ಹಿಂಜಬೇಕು, ತಕಲಿಯಲ್ಲಿ ನೂಲಬೇಕು (ರಾಟೆ ಯುರೋಪಿಗೆ ಬಂದಿದ್ದು ಸುಮಾರು 13ನೇ ಶತಮಾನದಲ್ಲಿ, ಬಂದಮೇಲೂ ಅದರ ನೂಲು ಹಾಸಿಗೆ, ಅಂದ್ರೆ ಮಗ್ಗದ ಉದ್ದ ಎಳೆಗೆ ಬೇಡ, ಹೊಕ್ಕಿಗೆ, ಅಂದ್ರೆ ಅಡ್ಡ ಎಳೆಗೆ ಮಾತ್ರ ಇರ್ಲಿ ಅಂತ ಕೆಲವು ಊರಿನ ನೇಕಾರ ಸಂಘಗಳು ಹಠ ಹಿಡಿದಿದ್ವು), ಒಬ್ಬ ನೇಕಾರನ ಮಗ್ಗ ನಿಲ್ಲದ ಹಾಗೆ ನೋಡ್ಕೊಳ್ಳೋಕೆ ಹಲವಾರು ಹೆಂಗಸರು ಹಗಲಿಡೀ ನೂಲ್ತಾನೇ ಇರ್ಬೇಕಿತ್ತು, ಆಮೇಲೆ ನೇಯ್ದದ್ದನ್ನ ಬಿಸಿನೀರು, ಜೇಡಿಮಣ್ಣು, ಕೆಲವು ಕಡೆ ಹಳೇ ಉಚ್ಚೆ ಹಾಕಿ ತುಳಿದು ತುಳಿದು ದಪ್ಪ ಮಾಡೋದು, ಮುಳ್ಳಿನ ಕಾಯಿಯಿಂದ ಕೆರೆದು ನವಿರು ಎಬ್ಬಿಸಿ ದೊಡ್ಡ ಕತ್ತರಿಯಲ್ಲಿ ಸವರೋದು. ಇಷ್ಟಾದ ಮೇಲೆ ಅದು ಬಟ್ಟೆ. ಯಾರೂ ಅದನ್ನ ಹರಿದು ಜೋತಾಡೋಕೆ ಬಿಡ್ತಿರಲಿಲ್ಲ, ತೇಪೆ ಹಾಕ್ತಿದ್ರು, ಒಳಗಿನ ಮುಖ ಹೊರಗೆ ಮಾಡಿ ಮತ್ತೆ ಹೊಲೀತಿದ್ರು, ಉಯಿಲಲ್ಲಿ ಇಂಥ ಕೋಟು ಇಂಥವರಿಗೆ ಅಂತ ಬರೆದಿಟ್ಟು ಸಾಯ್ತಿದ್ರು, ಕಷ್ಟ ಬಂದ್ರೆ ಅಡ ಇಡ್ತಿದ್ರು.

ನಾಟಕಕ್ಕೆ ತೆಳು ಉಣ್ಣೆ ಅಥವಾ ದಪ್ಪ ಕಾಟನ್ ತಗೊಳ್ಳಿ, ಮಾಸಿದ ನೀಲಿ, ಇಟ್ಟಿಗೆ ಕೆಂಪು, ಬೂದು, ಒಂದೆರಡು ಹಳದಿ ಹುಡ್. ನೀಟಾಗಿ ಹಾಕಿದ ತೇಪೆ ಇರಲಿ, ಹರಕಲು ಬೇಡ. ಹೆಂಗಸರ ತಲೆಗೆ ಬಿಳಿ ಬಟ್ಟೆ, ಮದುವೆಯಾದವರು ಕೂದಲು ಬಿಟ್ಕೊಂಡು ಬೀದಿಗೆ ಬರ್ತಿರಲಿಲ್ಲ.

ಪ್ರಶ್ನೆ: ಬಡವರು ಒಳ್ಳೇ ಬಟ್ಟೆ ಹಾಕಬಾರದು ಅಂತ ಕಾನೂನೇ ಇತ್ತಂತೆ, ನಿಜಾನಾ? (ಮಂಗಳೂರು)

ನಿಜ. ಇಂಗ್ಲೆಂಡಿನಲ್ಲಿ ಮೂರನೇ ಎಡ್ವರ್ಡ್ ಕಾಲದ 1363ರ ಕಾನೂನು ಅದಕ್ಕೆ ಒಳ್ಳೇ ಉದಾಹರಣೆ. ಗಾಡಿ ಹೊಡೆಯೋರು, ಉಳೋರು, ದನ ಕುರಿ ಕಾಯೋರು, ಮತ್ತೆ 40 ಶಿಲಿಂಗ್ ಬೆಲೆಯ ಸೊತ್ತೂ ಇಲ್ಲದವರು 12 ಪೆನ್ನಿ ದರ್ಜೆಯ ಒರಟು ಉಣ್ಣೆ ಬಿಟ್ಟು ಬೇರೇನೂ ಹಾಕಬಾರದು, ಕುಶಲಕರ್ಮಿಗಳು ರೇಷ್ಮೆ, ಬೆಳ್ಳಿ ಮುಟ್ಟಬಾರದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ನೈಟ್‌ಗಳವರೆಗೂ ಪಟ್ಟಿ ಹೋಗುತ್ತೆ.

ವರ್ಷ ನೋಡಿ, 1363. ಅದಕ್ಕಿಂತ ಹದಿನೈದು ವರ್ಷ ಮುಂಚೆ ಪ್ಲೇಗ್ ಬಂದು ಊರಿಗೆ ಊರೇ ಖಾಲಿಯಾಗಿತ್ತು, ಉಳಿದ ಕೂಲಿಯವರಿಗೆ ಡಿಮ್ಯಾಂಡ್ ಬಂತು, ಕೈಯಲ್ಲಿ ನಾಲ್ಕು ಕಾಸು ಓಡಾಡ್ತು, ಮೊದಲು ತಗೊಂಡಿದ್ದೇ ಒಳ್ಳೇ ಬಟ್ಟೆ. ಮೇಲಿನವರಿಗೆ ಹೊಟ್ಟೆ ಉರೀತು. ಯಾರೂ ಮಾಡದೇ ಇದ್ದದ್ದನ್ನ ಮಾಡಬಾರದು ಅಂತ ಯಾರೂ ಕಾನೂನು ತರಲ್ಲ ಅಲ್ವಾ, ಹಾಗಾಗಿ ಈ ಕಾನೂನನ್ನ ನಾನು ಜನ ಏನು ಹಾಕ್ತಿದ್ರು ಅನ್ನೋದರ ಸಾಕ್ಷಿ ಅಂತ ಓದ್ತೀನಿ. ಎರಡೇ ವರ್ಷದಲ್ಲಿ ಅದನ್ನ ವಾಪಸ್ ತಗೊಂಡ್ರು. ಆಮೇಲೂ ಬಿಡಲಿಲ್ಲ, 1463ರಲ್ಲಿ ಮತ್ತೊಂದು ತಂದ್ರು, ಅದರಲ್ಲಿ ದೊಡ್ಡ ಮನೆತನದವರಲ್ಲದ ಗಂಡಸರು ಕುಂಡಿ ಕಾಣೋ ಅಷ್ಟು ಗಿಡ್ಡ ಜಾಕೆಟ್ ಹಾಕಬಾರದು ಅಂತ ಸಂಸತ್ತೇ ಗಂಭೀರವಾಗಿ ಬರೆದಿದೆ.

ಇಟಲಿಯ ಊರುಗಳಲ್ಲಿ ದಾರಿ ಬೇರೆ. ಫ್ಲಾರೆನ್ಸಿನಲ್ಲಿ 1343ರ ಸುಮಾರಿಗೆ ಹೆಂಗಸರ ಹತ್ರ ಆಗಲೇ ಇರೋ, ಹೊಸ ಕಾನೂನಿಗೆ ಹೊಂದದ ಉಡುಪುಗಳನ್ನ ಒಂದೊಂದಾಗಿ ನೋಟರಿಗಳು ಪುಸ್ತಕದಲ್ಲಿ ಬರ್ಕೊಂಡ್ರು, ಬಣ್ಣ, ಪಟ್ಟೆ, ಕಸೂತಿ, ಗುಂಡಿ ಸಮೇತ. ಸರ್ಕಾರ ದಂಡದ ಲೆಕ್ಕಕ್ಕೆ ಬರೆಸಿದ ಆ ಪುಸ್ತಕ ಇವತ್ತು ನಮಗೆ ಸಾವಿರಾರು ಬಟ್ಟೆಗಳ ವರ್ಣನೆ ಕೊಟ್ಟಿದೆ, ಯಾವ ಚಿತ್ರಕಾರನೂ ಅಷ್ಟು ಕೊಟ್ಟಿಲ್ಲ.

ಇದೇ ಕಾನೂನುಗಳ ಕೆಟ್ಟ ಮುಖವೂ ಇದೆ, ಅದನ್ನ ತಮಾಷೆ ಮಾಡೋಕಾಗಲ್ಲ. 1215ರಲ್ಲಿ ಪೋಪ್ ಕರೆದ ನಾಲ್ಕನೇ ಲ್ಯಾಟರನ್ ಸಭೆ ಯಹೂದಿಗಳು ಮತ್ತೆ ಮುಸ್ಲಿಮರು ಬಟ್ಟೆಯಿಂದಲೇ ಬೇರೆ ಅಂತ ಗೊತ್ತಾಗ್ಬೇಕು ಅಂತ ತೀರ್ಮಾನ ಮಾಡ್ತು. ಇಂಗ್ಲೆಂಡಿನಲ್ಲಿ 1218ರಲ್ಲೇ ಯಹೂದಿಗಳಿಗೆ ಎದೆ ಮೇಲೆ ಬಿಲ್ಲೆ ಕಡ್ಡಾಯ ಆಯ್ತು, ಫ್ರಾನ್ಸಿನಲ್ಲಿ 1269ರಲ್ಲಿ ಒಂಬತ್ತನೇ ಲೂಯಿ ಹಳದಿ ದುಂಡು ಬಟ್ಟೆ ಹೊಲ್ಕೊಳ್ಳಿ ಅಂತ ಆಜ್ಞೆ ಮಾಡಿದ.

ಪ್ರಶ್ನೆ: ನಾನು ಮೂವತ್ತು ವರ್ಷದಿಂದ ಟೈಲರ್. ಆ ಕಾಲದಲ್ಲಿ ಕಟಿಂಗ್ ಹೆಂಗ್ ಮಾಡ್ತಿದ್ರು? ವೇಸ್ಟ್ ಎಷ್ಟು ಹೋಗ್ತಿತ್ತು? (ಧಾರವಾಡ)

ಆಹಾ, ಇದು ನನಗೆ ಖುಷಿ ಕೊಟ್ಟ ಪ್ರಶ್ನೆ. ವೇಸ್ಟ್ ಹತ್ತತ್ರ ಸೊನ್ನೆ. ನಮ್ಮ ಹಳೇ ಜುಬ್ಬದ ಕಟಿಂಗ್ ನಿಮಗೆ ಗೊತ್ತಲ್ಲ, ಎಲ್ಲಾ ಚೌಕ ಮತ್ತೆ ತ್ರಿಕೋನ, ಕಂಕುಳಿಗೊಂದು ಸಣ್ಣ ಚೌಕ ತುಂಡು, ಪಕ್ಕಕ್ಕೆ ಘೇರು ಬರೋ ಹಾಗೆ ತ್ರಿಕೋನ, ಮೊದಮೊದಲು ಅಲ್ಲೂ ಅದೇ ಬುದ್ಧಿ. ಒಂದು ಉದ್ದ ತುಂಡನ್ನ ಓರೆಯಾಗಿ ಕತ್ತರಿಸಿದ್ರೆ ಎರಡು ತ್ರಿಕೋನ ಸಿಗುತ್ತೆ, ಬಿಸಾಡೋಕೆ ಏನೂ ಇಲ್ಲ.

ಇದನ್ನ ಕಣ್ಣಾರೆ ನೋಡೋಕೆ ಎರಡು ಜಾಗ ಇದೆ. ಗ್ರೀನ್‌ಲ್ಯಾಂಡಿನ ಹೆರ್ಯೊಲ್ಫ್ಸ್‌ನೆಸ್ ಅನ್ನೋ ಕಡೆ ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನರ ಹಳೇ ಚರ್ಚಿನ ಸ್ಮಶಾನವನ್ನ 1921ರಲ್ಲಿ ಪೌಲ್ ನಾರ್ಲುಂಡ್ ಅನ್ನೋ ಡೇನಿಶ್ ಪುರಾತತ್ವಜ್ಞ ಅಗೆದ್ರು. ಮರ ಇಲ್ಲದ ಊರು, ಶವಪೆಟ್ಟಿಗೆಗೆ ಹಲಗೆ ಎಲ್ಲಿಂದ ತರ್ತಾರೆ, ಹಾಕ್ಕೊಳ್ತಿದ್ದ ಬಟ್ಟೆಯಲ್ಲೇ ಸುತ್ತಿ ಹೂತಿದ್ರು, ನೆಲ ಹೆಪ್ಪುಗಟ್ಟಿದ್ದಕ್ಕೆ ಆ ಉಣ್ಣೆ ಉಡುಪುಗಳು ಉಳಿದ್ವು, ಈಗ ಕೋಪನ್‌ಹೇಗನ್ನಿನಲ್ಲಿವೆ. ಸಾಮಾನ್ಯ ಜನರ ಬಟ್ಟೆ, ಆದ್ರೆ ಪಕ್ಕದಲ್ಲಿ ಮುಂದೆ ಹಿಂದೆ ತ್ರಿಕೋನ ತುಂಡು ಜೋಡಿಸಿ ಸೊಂಟದಿಂದ ಕೆಳಗೆ ಘೇರು ಬಿಟ್ಟಿರೋ ರೀತಿ ನೋಡಿದ್ರೆ ನೀವು ಶಭಾಷ್ ಅಂತೀರಿ. ಇನ್ನೊಂದು ಸ್ವೀಡನ್ನಿನಲ್ಲಿ, 1936ರಲ್ಲಿ ಬೋಕ್‌ಸ್ಟೆನ್ ಜೌಗಿನಲ್ಲಿ ಸಿಕ್ಕ ಒಬ್ಬನ ಹೆಣ. ಯಾರೋ ಕೊಂದು ಮೈಗೆ ಗೂಟ ಹೊಡೆದು ಜೌಗಲ್ಲಿ ಮುಳುಗಿಸಿದ್ರು, 14ನೇ ಶತಮಾನದವನು ಅಂತಾರೆ, ಮೈಮೇಲಿದ್ದ ನಿಲುವಂಗಿ, ಮೇಲುಹೊದಿಕೆ, ಬಾಲ ಇರೋ ಹುಡ್, ಕಾಲುಚೀಲ ಎಲ್ಲಾ ಪೂರ್ತಿ ಸೆಟ್ ಸಿಕ್ತು. ವಾರ್‌ಬೆರ್ಗ್ ಊರಿನ ಮ್ಯೂಸಿಯಂನಲ್ಲಿದೆ.

ನಿಜವಾದ ಟೈಲರಿಂಗ್ ಅಂತ ಶುರುವಾಗೋದು 1340ರ ಆಸುಪಾಸು. ಅಲ್ಲಿಂದ ಗಂಡಸರ ಬಟ್ಟೆ ಮೈಗೆ ಅಂಟಿ ಗಿಡ್ಡ ಆಗುತ್ತೆ, ತೋಳನ್ನ ದುಂಡಗೆ ಕತ್ತರಿಸಿ ಕೂರಿಸ್ತಾರೆ, ಸಾಲು ಸಾಲು ಗುಂಡಿ ಕಾಜಾ ಬರುತ್ತೆ. ಫ್ರಾನ್ಸಿನ ಲಿಯೋನ್ ಮ್ಯೂಸಿಯಂನಲ್ಲಿ ಒಂದು ಪುರ್‌ಪುವಾಂ ಇದೆ, ಅಂದ್ರೆ ಒಳಗೆ ಹತ್ತಿ ತುಂಬಿ ಹೊಲಿದ ಜಾಕೆಟ್ಟು, 1364ರ ಯುದ್ಧದಲ್ಲಿ ಸತ್ತ ಶಾರ್ಲ್ ದ ಬ್ಲ್ವಾ ಅನ್ನೋನದ್ದು ಅಂತ ನಂಬಿಕೆ. ಮುಂದುಗಡೆ ಮೂವತ್ತಕ್ಕೂ ಜಾಸ್ತಿ ಗುಂಡಿ, ತೋಳಿನ ಮೇಲೆ ಇನ್ನಷ್ಟು. ಅದರ ಕಂಕುಳು ನೋಡ್ಬೇಕು ನೀವು, ತೋಳು ಕೂರೋ ತೂತು ಎದೆ ಬೆನ್ನಿನವರೆಗೂ ದೊಡ್ಡ ವೃತ್ತ, ಅಲ್ಲಿಗೆ ಸಣ್ಣ ಸಣ್ಣ ತುಂಡು ಜೋಡಿಸಿದಾರೆ, ಹಾಗಾಗಿ ಅಷ್ಟು ಟೈಟ್ ಇದ್ರೂ ಕೈ ಎತ್ತಿ ಕತ್ತಿ ಬೀಸಬಹುದು, ಬಟ್ಟೆ ಮೇಲಕ್ಕೆ ಎಳೆಯಲ್ಲ. ಇವತ್ತಿನ ರೆಡಿಮೇಡ್ ಕೋಟು ಹಾಕ್ಕೊಂಡು ಬಸ್ಸಿನ ಕಂಬಿ ಹಿಡಿಯೋಕೆ ಆಗಲ್ಲ. ಇಲ್ಲಿ ಬಟ್ಟೆ ವೇಸ್ಟ್ ಆಗುತ್ತೆ, ಆ ವೇಸ್ಟ್ ಮಾಡೋ ತಾಕತ್ತೇ ದೊಡ್ಡಸ್ತಿಕೆ ಆಗಿತ್ತು.

ಪ್ರಶ್ನೆ: ನಾನು ಜರ್ಮನಿಯಲ್ಲಿದೀನಿ, ಇಲ್ಲಿ ಬೇಸಿಗೆಯಲ್ಲಿ ಮಧ್ಯಯುಗದ ಸಂತೆ ಅಂತ ಮಾಡ್ತಾರೆ, ಎಲ್ಲಾ ಹುಡುಗೀರು ಕಾರ್ಸೆಟ್ ಹಾಕ್ಕೊಂಡು ಬರ್ತಾರೆ. ಆಗ ಕಾರ್ಸೆಟ್ ಇತ್ತಾ? ಒಳಉಡುಪು ಏನಿತ್ತು? (ಎರ್‌ಫುರ್ಟ್)

ಕಾರ್ಸೆಟ್ ಇರಲಿಲ್ಲ. ಗಟ್ಟಿ ಕಡ್ಡಿ ಹಾಕಿ ಮೈ ಬಿಗಿಯೋದು ಮಧ್ಯಯುಗ ಮುಗಿದಮೇಲಿನ ಕಥೆ, ಸಂತೆಯವರು ಬಿಯರ್ ಮಾರೋಕೆ ಹಾಕಿಸ್ತಾರೆ ಅಷ್ಟೇ. ಆದರೆ ನಿಮ್ಮ ಪಕ್ಕದ ಆಸ್ಟ್ರಿಯಾದಲ್ಲಿ ಭಾರೀ ಮಜಾ ಆಯ್ತು. ಲೆಂಗ್‌ಬೆರ್ಗ್ ಕೋಟೆಯನ್ನ ರಿಪೇರಿ ಮಾಡುವಾಗ 2008ರಲ್ಲಿ ಒಂದು ಕಮಾನಿನ ಮೇಲೆ ತುಂಬಿಸಿದ್ದ ಕಸದಲ್ಲಿ 2,700ಕ್ಕೂ ಹೆಚ್ಚು ಬಟ್ಟೆ ಚೂರು ಸಿಕ್ವು, ಅದರೊಳಗೆ ನಾಲ್ಕು ಲಿನನ್ ಬ್ರಾ! 15ನೇ ಶತಮಾನದ್ದು. ಬ್ರಾ ಅನ್ನೋದು ಸುಮಾರು ನೂರು ವರ್ಷದ ಹಿಂದಿನ ಆವಿಷ್ಕಾರ ಅಂತ ಎಲ್ಲರೂ ಹೇಳ್ಕೊಂಡು ಬಂದಿದ್ರು, ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬಿಯಾಟ್ರಿಕ್ಸ್ ನುಟ್ಜ್ ಅವರು ಇದನ್ನ ಅಧ್ಯಯನ ಮಾಡಿ 2012ರಲ್ಲಿ ಸುದ್ದಿ ಹೊರಬಂದಾಗ ಪಠ್ಯಪುಸ್ತಕ ತಿದ್ದೋ ಹಂಗಾಯ್ತು. ಎರಡು ಬಟ್ಟಲು ಬೇರೆ ಬೇರೆ ಕತ್ತರಿಸಿ ಹೊಲಿದಿದಾರೆ, ಅಂಚಿಗೆ ಲೇಸ್ ಕೂಡ ಇದೆ.

ಉಳಿದ ಹೆಂಗಸರು ಲಿನನ್ ಒಳಅಂಗಿ ಹಾಕಿ ಮೇಲಿನ ಉಡುಪನ್ನೇ ಬಿಗಿಯಾಗಿ ಹೊಲಿಸ್ಕೊಳ್ತಿದ್ರು. ಕೊಳಕರು ಅನ್ನೋ ಮಾತೂ ಅರ್ಧ ಸುಳ್ಳು. ಉಣ್ಣೆ ಒಗೆಯೋದು ಕಮ್ಮಿ, ಬ್ರಷ್ ಮಾಡಿ ಕೊಡವಿ ಇಡ್ತಿದ್ರು, ಬೆವರು ಕುಡಿಯೋ ಕೆಲಸ ಒಳಗಿನ ಲಿನನ್ನಿಂದು, ಅದನ್ನ ಮಾತ್ರ ಬೂದಿ ನೀರಲ್ಲಿ ಹಾಕಿ ಬಡಿದು ಬಿಸಿಲಿಗೆ ಬಿಳಿಚಿಸ್ತಿದ್ರು. ಅಂದಹಾಗೆ ನೀವಿರೋ ಊರು ಶ್ರೀಮಂತ ಆಗಿದ್ದೇ ವೋಡ್ ನೀಲಿಯಿಂದ. ಅದರೊಳಗಿರೋ ಬಣ್ಣ ನಮ್ಮ ನೀಲಿ ಗಿಡದ್ದೇ, ಅಣು ಕೂಡ ಅದೇ, ಆದರೆ ನಮ್ಮ ಗಿಡದಲ್ಲಿ ಬಣ್ಣ ತುಂಬಾ ಜಾಸ್ತಿ, ಹಾಗಾಗಿ 16ನೇ ಶತಮಾನದಲ್ಲಿ ಹಡಗುಗಟ್ಟಲೆ ಭಾರತದ ನೀಲಿ ಬರೋಕೆ ಶುರುವಾದಾಗ ಜರ್ಮನ್ ಆಳುವವರು ಅದನ್ನ ನಿಷೇಧ ಮಾಡಿ ಒದ್ದಾಡಿದ್ರು. ಉಳೀಲಿಲ್ಲ ಬಿಡಿ.

ಪ್ರಶ್ನೆ: ಅಷ್ಟುದ್ದ ಚೂಪು ಶೂ ಹಾಕ್ಕೊಂಡು ಹೆಂಗಪ್ಪಾ ನಡೀತಿದ್ರು? ತುದಿಗೆ ಚೈನ್ ಕಟ್ಟಿ ಮೊಣಕಾಲಿಗೆ ಬಿಗೀತಿದ್ರಂತೆ? (ತುಮಕೂರು)

ಚೈನ್ ಕಥೆಗೆ ಇಲ್ಲಿವರೆಗೆ ಸಿಕ್ಕಿರೋ ಶೂಗಳಲ್ಲಿ ಯಾವ ಗುರುತೂ ಇಲ್ಲ. ತುದಿ ಮಡಚಬಾರದು ಅಂತ ಒಳಗೆ ಪಾಚಿ ತುರುಕಿರೋದು ಮಾತ್ರ ಲಂಡನ್ನಿನಲ್ಲಿ ಸಿಕ್ಕಿದೆ. ಮೇಲೆ ಹೇಳಿದ 1463ರ ಕಾನೂನು ದೊಡ್ಡ ಮನೆತನದವರಲ್ಲದವರಿಗೆ ತುದಿ ಎರಡು ಇಂಚು ದಾಟಬಾರದು ಅಂತ ಹೇಳಿತ್ತು. ಕಾಲಿಗೆ ಏನಾಯ್ತು ಅಂತ ಕೇಂಬ್ರಿಡ್ಜಿನವರು 177 ಅಸ್ಥಿಪಂಜರ ನೋಡಿ 2021ರಲ್ಲಿ ಹೇಳಿದ್ರು. ಹೆಬ್ಬೆರಳು ಒಳಗೆ ವಾಲಿ ಬುಡದ ಮೂಳೆ ಹೊರಗೆ ಉಬ್ಬೋ ತೊಂದರೆ 11ರಿಂದ 13ನೇ ಶತಮಾನದವರಲ್ಲಿ ನೂರಕ್ಕೆ 6 ಇತ್ತು, 14, 15ನೇ ಶತಮಾನದವರಲ್ಲಿ ನೂರಕ್ಕೆ 27. ಫ್ಯಾಷನ್ ಮಾಡಬೇಡಿ ಅಂತ ಉಪದೇಶ ಮಾಡ್ತಿದ್ದ ಪಾದ್ರಿಗಳ ಕಾಲಲ್ಲೂ ಅದೇ ಗಂಟು!

ಪ್ರಶ್ನೆ: ಗಂಡ ಯುದ್ಧಕ್ಕೆ ಹೋಗುವಾಗ ಹೆಂಡತಿಗೆ ಕಬ್ಬಿಣದ ಚಡ್ಡಿ ಹಾಕಿ ಬೀಗ ಜಡಿದು ಹೋಗ್ತಿದ್ರಾ? (ಹೆಸರು ಬೇಡ ಅಂದಿದಾರೆ)

ಇಲ್ಲ. 1405ರ ಒಂದು ಯುದ್ಧೋಪಕರಣದ ಹಸ್ತಪ್ರತಿಯಲ್ಲಿ ಚಿತ್ರ ಇದೆ, ಅದು ಕೊನ್ರಾಡ್ ಕೀಸರ್ ಅನ್ನೋನದ್ದು, ಅದರಲ್ಲೇ ಇನ್ನೂ ಏನೇನೋ ಆಗದ ಹೋಗದ ಯಂತ್ರಗಳಿವೆ, ಗಂಭೀರವಾಗಿ ತಗೊಳ್ಳೋ ಹಂಗಿಲ್ಲ. ಮ್ಯೂಸಿಯಂಗಳಲ್ಲಿ ಇಟ್ಟಿದ್ದವು ಹೆಚ್ಚಿನವು 18, 19ನೇ ಶತಮಾನದಲ್ಲಿ ಮಾಡಿಸಿದ್ದು. ಅಂಥದ್ದನ್ನ ತಿಂಗಳುಗಟ್ಟಲೆ ಹಾಕ್ಕೊಂಡ್ರೆ ಹುಣ್ಣಾಗಿ ಸಾಯ್ತಾರೆ ಅನ್ನೋದು ಆ ಗಂಡಂದಿರಿಗೂ ಗೊತ್ತಿತ್ತು.

ಪ್ರಶ್ನೆ: ಜೇಬು ಇತ್ತಾ? (ಹಾಸನ, ಇಷ್ಟೇ ಬರೆದಿದಾರೆ)

ಹೊಲಿದ ಜೇಬು ಇರಲಿಲ್ಲ. ಸೊಂಟದ ಬೆಲ್ಟಿಗೆ ಚರ್ಮದ್ದೋ ಬಟ್ಟೆಯದ್ದೋ ಸಂಚಿ ನೇತಾಕ್ತಿದ್ರು, ಗಂಡಸರೂ ಹೆಂಗಸರೂ. ಕಳ್ಳರು ದಾರ ಕತ್ತರಿಸ್ಕೊಂಡು ಹೋಗೋರು. ಅದಕ್ಕೆ ಕೆಲವರು ಸಂಚಿಯನ್ನ ಒಳಗಿನ ಬೆಲ್ಟಿಗೆ ಕಟ್ಟಿ ಮೇಲಿನ ನಿಲುವಂಗಿಯ ಪಕ್ಕದಲ್ಲಿ ಕೈ ಹೋಗೋ ಅಷ್ಟು ಉದ್ದದ ಸೀಳು ಬಿಡಿಸ್ಕೊಳ್ತಿದ್ರು. ಗ್ರೀನ್‌ಲ್ಯಾಂಡಿನ ಕೆಲವು ಉಡುಪುಗಳಲ್ಲಿ ಆ ಸೀಳು ಇವತ್ತಿಗೂ ಇದೆ.