.32 ಪಿಸ್ತೂಲಿನ ಗುಂಡಿಗೂ (0.32 ಇಂಚು, ಅಂದರೆ ಸುಮಾರು 8 ಮಿಲಿಮೀಟರ್ ದಪ್ಪ) 9 ಎಂಎಂ ಗುಂಡಿಗೂ ಒಂದೇ ಮಿಲಿಮೀಟರ್ ವ್ಯತ್ಯಾಸ, ಆದ್ರೂ ಶಕ್ತಿ ಯಾಕೆ ಅಷ್ಟು ಜಾಸ್ತಿ?

ಗುಂಡಿನ ದಪ್ಪಕ್ಕಿಂತ ಅದರ ತೂಕ, ಅದಕ್ಕಿಂತ ಹೆಚ್ಚಾಗಿ ವೇಗ ಮುಖ್ಯ. .32 ಪಿಸ್ತೂಲಿನ ಗುಂಡು ಸುಮಾರು 4.6 ಗ್ರಾಂ, ಹೋಗುವುದು ಸೆಕೆಂಡಿಗೆ 275 ಮೀಟರ್ ಆಸುಪಾಸು. ಸಾಮಾನ್ಯ 9 ಎಂಎಂ ಗುಂಡು 7.5 ಗ್ರಾಂ, ವೇಗ ಸುಮಾರು 360 ಮೀಟರ್. ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು, ಆದರೆ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು! ಹಾಗಾಗಿ ಲೆಕ್ಕ ಹಾಕಿದರೆ 9 ಎಂಎಂನದ್ದು ಎರಡೂವರೆ ಪಟ್ಟಿಗಿಂತ ಜಾಸ್ತಿ ಬರುತ್ತದೆ.

ಈ ವೇಗ ಬರುವುದು ಮದ್ದು ಉರಿದಾಗಿನ ಒತ್ತಡದಿಂದ. ಎರಡೂ ಕಾಡತೂಸು ಪಕ್ಕಪಕ್ಕ ಇಟ್ಟು ನೋಡಿ. 9 ಎಂಎಂನ ಹಿತ್ತಾಳೆ ಚಿಪ್ಪು .32ರದ್ದಕ್ಕಿಂತ ಸುಮಾರು 2 ಮಿಲಿಮೀಟರ್ ಹೆಚ್ಚು ಉದ್ದ, ಸ್ವಲ್ಪ ದಪ್ಪ. ಮದ್ದು ಜಾಸ್ತಿ ಹಿಡಿಯುತ್ತದೆ, ಒತ್ತಡವೂ ಜಾಸ್ತಿ ತಾಳುತ್ತದೆ.

ನಮ್ಮ ಶಿರಸಿ ಕಡೆ ಮಂಗ, ಕಾಡುಹಂದಿ ಓಡಿಸಲು ಇಟ್ಟುಕೊಳ್ಳುವ ತೋಟದ ಕೋವಿಗೆ ಇದನ್ನು ಹೋಲಿಸಬೇಡಿ. 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ) ಕೋವಿಯಲ್ಲಿ ಒಂದೇ ಈಡಿಗೆ ಹಲವು ಚರೆ ಹಾರುತ್ತವೆ. ಅಲ್ಲಿ ಅಂಕಿಯ ಲೆಕ್ಕವೂ ಉಲ್ಟಾ: 16 ಬೋರ್‌ಗಿಂತ 12 ಬೋರ್‌ನ ನಳಿಗೆಯೇ ದೊಡ್ಡದು.

ಲೈಸೆನ್ಸ್ ಕೇಳುವ ಯೋಚನೆ ಇದ್ದರೆ, 9 ಎಂಎಂ ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಜನಸಾಮಾನ್ಯರಿಗೆ ಪಿಸ್ತೂಲು ಎಂದರೆ ಹೆಚ್ಚಾಗಿ .32 ಸಿಗುವುದು ಅದಕ್ಕೇ.